ಕಿವಿಯ ಗುರುತು

ಭೈರವಾನಿತಿಪ್ಪ ಎಂಬ ಹೆಸರಿನ ಕೊನೆಯ ತುಂಡನ್ನು ಕನ್ನಡದ ಕಿವಿ ಬೇರೆಯಾಗಿ ಕೇಳಿಸಿಕೊಳ್ಳುವುದುಂಟು. ತೆಲುಗಿನ ‘ತಿಪ್ಪ’ ಎಂದರೆ ದಿಬ್ಬ. ಕನ್ನಡದ ‘ತಿಪ್ಪೆ’ ಎಂದರೆ ಗೊಬ್ಬರದ ಗುಡ್ಡೆ. ಆ ಸೀಮೆಯ ಕುರಿಗಾಹಿಗಳಿಗೆ ಈ ಎರಡರ ನಡುವೆ ಜಗಳವಿಲ್ಲ. ಶೇಂಗಾ ಕಿತ್ತ ಹೊಲದಲ್ಲಿ ರಾತ್ರಿ ಮಂದೆ ನಿಲ್ಲಿಸಿ, ಕುರಿಯ ಹಿಕ್ಕೆ ಗಂಜಲಗಳಿಗೆ ಪ್ರತಿಯಾಗಿ ಕಾಳನ್ನೋ ಹಣವನ್ನೋ ಪಡೆಯುವವರು ಅವರು. ಬಾಬಾಬುಡನ್ ಗಿರಿಯ ಕಡೆಯಿಂದ ಬರುವ ವೇದಾವತಿ ಮಾರಿಕಣಿವೆಯ ವಾಣಿವಿಲಾಸ ಸಾಗರವನ್ನು ದಾಟಿ, ಚಳ್ಳಕೆರೆ ತಾಲ್ಲೂಕಿನ ಪರಶುರಾಂಪುರದ ಕಡೆಯಿಂದ ಆಂಧ್ರಕ್ಕೆ ಇಳಿದಾಗ ಮೊದಲು ತಡೆಯುವುದು ಇಲ್ಲಿಯ ಅಣೆಕಟ್ಟು. ಮೇಲಿನ ಸಾಗರ 1933ರ ಬಳಿಕ ಮತ್ತೆ ಕೋಡಿ ಬಿದ್ದದ್ದು 2022ರಲ್ಲಿ. ಅಷ್ಟರಿಂದಲೇ ಕೆಳಗಿನ ಊರಿನ ನೀರಿನ ಪಾಡನ್ನು ಊಹಿಸಬಹುದು. ರಾಯದುರ್ಗ ತಾಲ್ಲೂಕು 1953ರ ಅಕ್ಟೋಬರ್ 1ರವರೆಗೆ ಬಳ್ಳಾರಿ ಜಿಲ್ಲೆಯಲ್ಲಿತ್ತು. ಮನೆ ಬದಲಿಸದೆಯೇ ರಾಜ್ಯ ಬದಲಿಸಿದ ಅಜ್ಜಂದಿರು ಅಲ್ಲಿ ಪ್ರತಿ ಹಟ್ಟಿಯಲ್ಲೂ ಇದ್ದರು.

ಅಂಥ ಒಂದು ಹಟ್ಟಿಯ ಹುಡುಗ ಬಿ.ಎ. ಎರಡನೆಯ ವರ್ಷದಲ್ಲಿ ಐಚ್ಛಿಕ ಕನ್ನಡ ಓದುತ್ತಿದ್ದ. 2024ರ ಕಾರ್ತಿಕದಲ್ಲಿ ಅವನ ತಂದೆ ತೀರಿಕೊಂಡರು. ಉಳಿದದ್ದು ಮೂರು ಎಕರೆ ಒಣಭೂಮಿ, 84 ಕುರಿ, ಬ್ಯಾಂಕಿನಲ್ಲಿ ಒಂದಿಷ್ಟು ಸಾಲ, ಒಂದು ಹಳೆಯ ಮೊಬೈಲು. ಆ ಮೊಬೈಲನ್ನು ತಾಯಿ ದಿನವೂ ಚಾರ್ಜಿಗೆ ಹಾಕುತ್ತಿದ್ದಳು. ಗಂಡನ ನೆನಪಿಗೆಂದು ನೆರೆಯವರು ತಿಳಿದಿದ್ದರು. ಬ್ಯಾಂಕಿನವರು, ಪಶುವೈದ್ಯರು, ವಿಮೆಯವರು ಎಲ್ಲರ ಪುಸ್ತಕದಲ್ಲೂ ಇದ್ದದ್ದು ಆ ಒಂದೇ ಸಂಖ್ಯೆ ಎಂಬುದು ಅವಳಿಗೆ ಗೊತ್ತಿತ್ತು.

ಭೂಮಿಯ ಕಾಗದ ಸುಲಭವಾಗಿಯೇ ನಡೆಯಿತು. ಕರ್ನಾಟಕದ ಕಡೆ ಇದಕ್ಕೆ ‘ಪೌತಿ ಖಾತೆ’ ಎನ್ನುತ್ತಾರೆ. ಮರಾಠಿ ಬಲ್ಲವರಿಗೆ ‘ಫೌತಿ’ ಪರಿಚಿತ. ಅರಬ್ಬಿಯ ‘ಫೌತ್’, ಅಂದರೆ ಸಾವು, ಮರಾಠಿಯ ಕಚೇರಿಗಳನ್ನು ಹಾದು ನಮ್ಮ ತಾಲ್ಲೂಕು ಕಚೇರಿಗೆ ಬಂದು ಕುಳಿತಿದೆ. ‘ವಾರಸುದಾರ’, ‘ಹಕ್ಕು’ ಇವೂ ಅರಬ್ಬಿಯ ಮೂಲದವೇ. ‘ಪಹಣಿ’ ಮರಾಠಿಯ ‘ಪಾಹಣಿ’, ಕಣ್ಣಾರೆ ನೋಡಿ ಬರೆದದ್ದು. ಸತ್ತವನ ಆಸ್ತಿ ಇದ್ದವನಿಗೆ ದಾಟುವ ಮಾತುಗಳೆಲ್ಲ ಹೀಗೆ ದೂರದಿಂದ ಬಂದವು. ಕುರಿ ದಾಟುವ ಮಾತುಗಳು ಮಾತ್ರ ಹಟ್ಟಿಯವೇ: ಮಂದೆ, ರೊಪ್ಪ, ಪಾಲು, ಬಳುವಳಿ. ತೊಡಕು ಹುಟ್ಟಿದ್ದು ಈ ಎರಡು ಶಬ್ದಕೋಶಗಳ ನಡುವೆ.

ಪಿಎಂ-ಕಿಸಾನ್‌ನ ವರ್ಷದ 6,000 ರೂಪಾಯಿ ತಂದೆಯೊಂದಿಗೆ ನಿಂತಿತು. ಆ ಯೋಜನೆಗೆ 2019ರ ಫೆಬ್ರವರಿ 1ರಂದು ಭೂಮಿ ಹೆಸರಿನಲ್ಲಿರಬೇಕು. ಆಮೇಲೆ ಕೊಂಡವರಿಗೆ ಇಲ್ಲ, ಸಾವಿನಿಂದ ಉತ್ತರಾಧಿಕಾರ ಪಡೆದವರಿಗೆ ಮಾತ್ರ ವಿನಾಯಿತಿ. ಆದ್ದರಿಂದ ತಾಯಿಯ ಹೆಸರಿಗೆ ಖಾತೆ ಮಾಡಿಸಿ ಹೊಸ ಅರ್ಜಿ ಕೊಟ್ಟರು. ಸಾಲದ ವಿಷಯದಲ್ಲಿ ಹುಡುಗ ಅಂಜಿದ್ದ. 2005ರ ತಿದ್ದುಪಡಿಯ ಬಳಿಕ ಮಾಡಿದ ತಂದೆಯ ಸಾಲಕ್ಕೆ ಮಗನಾದ ಮಾತ್ರಕ್ಕೆ ಹೊಣೆ ಇಲ್ಲವೆಂದೂ, ಕೈಗೆ ಬಂದ ಆಸ್ತಿಯ ಮಟ್ಟಿಗಷ್ಟೇ ತೀರಿಸಬೇಕೆಂದೂ ತಿಳಿದಾಗ ಅರ್ಧ ಉಸಿರು ಬಿಟ್ಟ. ಉಳಿದರ್ಧ ಬಿಡುವಂತಿರಲಿಲ್ಲ. ಕೈಗೆ ಬಂದ ಆಸ್ತಿ ಎಂದರೆ ಕುರಿಯೇ.

ಕುರಿಗಳ ಲೆಕ್ಕ ಹೀಗಿತ್ತು. 84ರಲ್ಲಿ ತಂದೆಯ ಸ್ವಂತದವು 52. ನೆರೆಯೂರಿನ ರೈತನೊಬ್ಬ ಪಾಲಿಗೆ ಬಿಟ್ಟವು 15. ಅವುಗಳ ಮರಿಯಲ್ಲಿ ಅರ್ಧ ಸಾಕಿದವನಿಗೆ. ಉಳಿದ 17 ಅಕ್ಕನವು. ಮದುವೆಯಲ್ಲಿ ತಂದೆ ಎರಡು ಹೆಣ್ಣುಕುರಿಗಳನ್ನು ಅವಳಿಗೆ ಬಳುವಳಿಯಾಗಿ ಕೊಟ್ಟಿದ್ದರು. ಗಂಡನ ಮನೆ ಗಡಿಯಾಚೆ, ಚಳ್ಳಕೆರೆ ತಾಲ್ಲೂಕಿನಲ್ಲಿ. ಅಲ್ಲಿ ಆಗ ಕುರಿ ಕಾಯುವವರಿಲ್ಲದ್ದರಿಂದ ಬಳುವಳಿ ತವರಿನ ಮಂದೆಯಲ್ಲೇ ಬೆಳೆಯಿತು.

ಇದಾವುದೂ ಕಾಗದದಲ್ಲಿರಲಿಲ್ಲ. ಕಾಗದದಲ್ಲಿದ್ದದ್ದು 2023ರಲ್ಲಿ ಮಾಡಿಸಿದ ಮೂರು ವರ್ಷದ ವಿಮೆ. ಆಗ ಸಹಾಯಧನದ ವಿಮೆಗೆ ಒಂದು ಕುಟುಂಬಕ್ಕೆ ಐದು ‘ಜಾನುವಾರು ಘಟಕ’ಗಳ ಮಿತಿ ಇತ್ತು, ಹತ್ತು ಕುರಿ ಕೂಡಿದರೆ ಒಂದು ಘಟಕ, ಅಂದರೆ ಒಂದು ಆಕಳಿಗೆ ಸಮ. (ಮಿತಿಯನ್ನು ಹತ್ತು ಘಟಕಕ್ಕೆ ಏರಿಸಿ, ಸಾಕುವವನ ಕಂತಿನ ಪಾಲನ್ನು ಶೇ. 15ಕ್ಕೆ ಇಳಿಸಿದ್ದು 2024ರಲ್ಲಿ.) ಹಾಗಾಗಿ 50 ಕುರಿಗಳ ಕಿವಿಗೆ ಹನ್ನೆರಡು ಅಂಕಿಯ ಹಳದಿ ಓಲೆ ಬಿತ್ತು. ಓಲೆ ಹಾಕುವ ದಿನ ಯಾರ ಕುರಿ ಎಂದು ಯಾರೂ ಆರಿಸಲಿಲ್ಲ. ರೊಪ್ಪದಲ್ಲಿ ಕೈಗೆ ಸಿಕ್ಕದ್ದಕ್ಕೆ ಹಾಕಿದರು. ಐವತ್ತೂ ತಂದೆಯ ಹೆಸರಿಗೆ ಹತ್ತಿದವು.

ವಿಮೆಯ ನಿಯಮ ಒಳ್ಳೆಯದೇ. ಪ್ರಾಣಿ ಒಬ್ಬರಿಂದ ಇನ್ನೊಬ್ಬರಿಗೆ ದಾಟಿದರೆ ಉಳಿದ ಅವಧಿಯ ವಿಮೆಯನ್ನೂ ಹೊಸ ಒಡೆಯರ ಹೆಸರಿಗೆ ದಾಟಿಸಬೇಕು. ಆದರೆ ಹೊಸ ಒಡೆಯರು ಯಾರು? ಉಯಿಲು ಬರೆಯದೆ ಸತ್ತವನ ಸ್ವಂತ ಗಳಿಕೆ, 1956ರ ಹಿಂದೂ ಉತ್ತರಾಧಿಕಾರ ಕಾಯಿದೆಯಂತೆ, ಹೆಂಡತಿ, ಮಗ, ಮಗಳು ಮೂವರಿಗೂ ಸಮ. ಓಲೆಯನ್ನೇ ನಂಬಿದರೆ ಅಕ್ಕನ ಬಳುವಳಿಯೂ ಅಪ್ಪನ ಆಸ್ತಿಯಾಗಿ ಮೂರು ಪಾಲಾಗುತ್ತದೆ. ಅದೇ ಕಾಯಿದೆಯ ಪ್ರಕಾರ ಮದುವೆಯಲ್ಲಿ ಬಂದ ಉಡುಗೊರೆ ಹೆಣ್ಣಿಗೆ ಪೂರ್ಣ ಸ್ವಂತ.

ಇಷ್ಟರಲ್ಲಿ ಮಧ್ಯವರ್ತಿಯೊಬ್ಬ ಬಂದ. ರಾಷ್ಟ್ರೀಯ ಜಾನುವಾರು ಮಿಷನ್ನಿನಲ್ಲಿ ನೂರು ಹೆಣ್ಣುಕುರಿ, ಐದು ಟಗರುಗಳ ಹೊಸ ಘಟಕ ಕಟ್ಟುವವರಿಗೆ ಅರ್ಧ ವೆಚ್ಚದ ಸಹಾಯಧನವಿದೆ. ಇಡೀ ಮಂದೆಯನ್ನು ಹುಡುಗನೊಬ್ಬನ ಹೆಸರಿಗೆ ತಂದು, ಕಡಿಮೆ ಬಿದ್ದಷ್ಟನ್ನು ನೆರೆಯವರಿಂದ ಒಂದು ದಿನಕ್ಕೆ ಹೊಡೆದುಕೊಂಡು ಬಂದು, ಹಳೆಯ ಕುರಿಯನ್ನೇ ಹೊಸದೆಂದು ತೋರಿಸುವುದು ಅವನ ಉಪಾಯ. ಅದು ಮೋಸವೆಂದು ಹುಡುಗನಿಗೆ ತಿಳಿಯದೆ ಇರಲಿಲ್ಲ. ಆದರೂ ಎರಡು ದಿನ ಅವನು ಉತ್ತರ ಹೇಳಲಿಲ್ಲ. ಸಾಲವಿದ್ದ ಮನೆಯ ಹತ್ತೊಂಬತ್ತರ ಹುಡುಗ ಎರಡೇ ದಿನದಲ್ಲಿ ಒಲ್ಲೆನೆಂದದ್ದು ಬೇಗವೆಂದೇ ಎಣಿಸಬೇಕು.

ಅಕ್ಕ ಬಂದಳು. ಅವಳ ಮಾತು ನೇರವಾಗಿತ್ತು: “ಹೊಲದ ಕಾಗದಕ್ಕೆ ಎಲ್ಲಿ ಬೇಕಾದ್ರೂ ಸೈನ್ ಆಕ್ತೀನಿ ತಮ್ಮಾ. ಅಪ್ಪನ ಕುರಿಯಾಗ ನನಗೆ ಬರೋ ಪಾಲನ್ನ ಅವ್ವನ ಹೆಸರಿಗೆ ಬರ್ಕಳ್ರಿ, ನಿನ್ನ ಹೆಸರಿಗಲ್ಲ. ನನ್ನ ಕುರಿ ಮಾತ್ರ ನನ್ನವು.” ತಮ್ಮನಿಗೆ ನೋವಾಯಿತು. ತಾಯಿ ಏನೂ ಅನ್ನಲಿಲ್ಲ. ಟಾರ್ಚು ತೆಗೆದುಕೊಂಡು ರೊಪ್ಪಕ್ಕೆ ನಡೆದಳು.

ಆ ರಾತ್ರಿ ಲೆಕ್ಕವಾಯಿತು. ಹಳದಿ ಓಲೆ ಬರುವುದಕ್ಕೂ ಮುಂಚೆ ಆ ಹಟ್ಟಿಯಲ್ಲಿ ಬೇರೊಂದು ಬರಹವಿತ್ತು. ಮರಿಯ ಕಿವಿಯ ತುದಿಯನ್ನು ಸೀಳುವುದು, ಅಂಚಿನಲ್ಲಿ ಕಚ್ಚು ಮಾಡುವುದು, ಎಡ-ಬಲಗಳ ಭೇದ. ತಂದೆಯದು ಬಲಗಿವಿಯ ಸೀಳು. ಮಗಳ ಕುರಿಗಳಿಗೆ ಅದೇ ಸೀಳು ಎಡಗಿವಿಯಲ್ಲಿ. ಪಾಲಿನವಕ್ಕೆ ಒಡೆಯನದೇ ಕಚ್ಚು. ತಾಯಿ ಕತ್ತಲಲ್ಲಿ ಕಿವಿ ಮುಟ್ಟಿ ಹೇಳುತ್ತಿದ್ದಳು, ಅಕ್ಕ ಟಾರ್ಚು ಹಿಡಿದು ಓಲೆಯ ಅಂಕಿ ಓದುತ್ತಿದ್ದಳು, ಹುಡುಗ ತರಗತಿಯ ನೋಟುಬುಕ್ಕಿನ ಹಿಂಬದಿಯಲ್ಲಿ ಬರೆದುಕೊಳ್ಳುತ್ತಿದ್ದ. 50 ಓಲೆಗಳಲ್ಲಿ ತಂದೆಯ ಕುರಿಗೆ ಬಿದ್ದವು 33, ಅಕ್ಕನವಕ್ಕೆ 11, ಪಾಲಿನವಕ್ಕೆ 6. ಅದೇ ಪುಸ್ತಕದ ಮುಂಬದಿಯಲ್ಲಿ ಶಾಸನಗಳ ಪಾಠವಿತ್ತು: ತುರುಗೊಳ್ ಕಾಳಗದಲ್ಲಿ ಸತ್ತವನ ಮನೆಯವರಿಗೆ ಬಿಟ್ಟ ಭೂಮಿ, ನೆತ್ತರುಗೊಡಗೆ. ದನಕ್ಕಾಗಿ ಸತ್ತವನ ಹಕ್ಕು ಯಾರಿಗೆ ಎಂಬುದನ್ನು ಆಗ ಕಲ್ಲಿನಲ್ಲಿ ಬರೆಸುತ್ತಿದ್ದರು.

ಆ ಪಟ್ಟಿಯ ಆಧಾರದ ಮೇಲೆ 33 ಓಲೆಗಳು ವಿಮೆ ಸಹಿತ ತಾಯಿಯ ಹೆಸರಿಗೆ ದಾಟಿದವು. ಪಾಲಿನ ಆರನ್ನು ಅವುಗಳ ಒಡೆಯ ತನ್ನ ಹೆಸರಿಗೆ ಬರೆಸಿಕೊಂಡ. ಅಕ್ಕನವು ತೊಡಕಾದವು, ಕುರಿಯಿರುವುದು ಆಂಧ್ರದಲ್ಲಿ, ಒಡತಿ ಕರ್ನಾಟಕದಲ್ಲಿ. ಅಕ್ಕ ಅದನ್ನು ತಾನೇ ಬಿಡಿಸಿದಳು. ಸಂಕ್ರಾಂತಿ ಕಳೆದ ಮೇಲೆ ಗಂಡನೊಡನೆ ಬಂದು, ಹದಿನೇಳನ್ನೂ ಹೊಡೆದುಕೊಂಡು ಹೊರಟಳು. ಮಂದೆಯಿಂದ ಬೇರಾಗಲು ಅವು ಒಪ್ಪದೆ ಬೆಳಗಿನಿಂದ ಮಧ್ಯಾಹ್ನದವರೆಗೆ ಒದ್ದಾಡಿಸಿದವು.

ಯುರೋಪಿನಲ್ಲಿ 1984ರಿಂದ 2015ರವರೆಗೆ ಹಾಲಿನ ಕೋಟಾ ಇತ್ತು. ಇಷ್ಟು ಹಾಲು ಮಾರುವ ಹಕ್ಕು ಆಕಳಿನಷ್ಟೇ ಬೆಲೆಬಾಳುವ ಆಸ್ತಿ. ಕೊಟ್ಟಿಗೆಯನ್ನು ವಹಿಸಿಕೊಳ್ಳುವ ಮಗ ಅದನ್ನೂ ಕಾಗದದಲ್ಲಿ ಪಡೆಯಬೇಕಿತ್ತು. ನೆದರ್ಲೆಂಡ್ಸ್‌ನಲ್ಲಿ 2018ರಿಂದ ಹಾಲಿನ ದನಗಳ ಸಗಣಿಯ ರಂಜಕಕ್ಕೂ ಹಕ್ಕುಪತ್ರ ಬೇಕು. ಅಲ್ಲಿ ಗೊಬ್ಬರ ಹೊರೆ. ಭೈರವಾನಿತಿಪ್ಪದಲ್ಲಿ ಅದು ಸರಕು, ಮತ್ತು ಯಾವ ಹೊಲದಲ್ಲಿ ಯಾರ ಮಂದೆ ನಿಲ್ಲಬೇಕೆಂಬ ಹಕ್ಕು ಯಾವ ಕಚೇರಿಯಲ್ಲೂ ಇಲ್ಲ. ಅದು ತಂದೆಯ ಮಾತಿನಲ್ಲಿತ್ತು, ಅವರೊಡನೆ ಹೋಗಿತ್ತು.

ಪರೀಕ್ಷೆ ಮುಗಿಯುವವರೆಗೆ ಮಂದೆಯನ್ನು ಸೋದರಮಾವ ನೋಡಿಕೊಂಡ. ಕೊನೆಯ ಪತ್ರಿಕೆ ಬರೆದ ಮರುದಿನ ಹುಡುಗ ಹೊಲಗಳ ಒಡೆಯರ ಮನೆಗೆ ಒಬ್ಬನೇ ಹೋದ. ಮೊದಲ ಇಬ್ಬರು ಬೇರೆ ಮಂದೆಗೆ ಮಾತು ಕೊಟ್ಟಾಗಿತ್ತು. ಮೂರನೆಯವರು ಯಾರ ಮಗನೆಂದು ಕೇಳಿ, ಹೊಲಕ್ಕೆ ಕರೆದೊಯ್ದು, ಬೇವಿನ ಮರದ ಮೂಲೆ ತೋರಿಸಿದರು.

“ನಿಮ್ಮಪ್ಪ ಇಲ್ಲಿಂದ ಶುರು ಮಾಡ್ತಿದ್ದ. ಈಗ ಎಷ್ಟದಾವಪ್ಪ ಕುರಿ?”

“ಅರವತ್ತೇಳು, ಗೌಡ್ರೇ.”

“ಕಡಿಮಿ ಆದ್ವು. ಒಂದು ರಾತ್ರಿ ಜಾಸ್ತಿ ನಿಲ್ಲಿಸ್ಬೇಕಾಗ್ತತಿ.”

ಹುಡುಗ ಒಪ್ಪಿದ.