ಚಿಂದಿ ಬಟ್ಟೆಯ ಚೆಂಡು

ಹೊಲಿಗೆ ಮಿಷನ್ ಇರುವ ಮನೆಯಲ್ಲಿ ಚಿಂದಿ ಬಟ್ಟೆಗೆ ಬರವಿಲ್ಲ. ಈದ್ ಹತ್ತಿರ ಬಂದರಂತೂ ಚೂಡಿದಾರ, ಜುಬ್ಬಾ, ಫ್ರಾಕುಗಳ ಕತ್ತರಿಸಿದ ತುಂಡುಗಳು ಚೀಲದ ತುಂಬ ಸೇರುತ್ತವೆ. ಒಂದೆರಡು ಮಸಿಬಟ್ಟೆಯಾಗುತ್ತವೆ, ಉಳಿದದ್ದು ಒಲೆಗೆ ಇಲ್ಲವೇ ಕಸಕ್ಕೆ. ಅದೇ ಮನೆಯಲ್ಲಿ ಮಕ್ಕಳು ಆಡಲು ಚೆಂಡಿಲ್ಲವೆಂದು ಅಳುತ್ತಿರುತ್ತಾರೆ!

ನನ್ನ ತವರು ಕಡೂರು, ಗಂಡನ ಮನೆ ತರೀಕೆರೆ, ಪಾಠ ಮಾಡುವುದು ಅಜ್ಜಂಪುರದಲ್ಲಿ. ಮೂರು ಊರುಗಳಲ್ಲೂ ಬಿಸಾಡುವ ವಸ್ತುಗಳಿಗೆ ಕೊರತೆಯಿಲ್ಲ. ಕಡೂರಿನಲ್ಲಿ ತೆಂಗಿನ ಮಟ್ಟೆ, ತರೀಕೆರೆಯಲ್ಲಿ ಅಡಿಕೆ ತೋಟದ ಪೈಪಿನ ತುಂಡುಗಳು, ಅಜ್ಜಂಪುರದಲ್ಲಿ ಈರುಳ್ಳಿಯ ಬಲೆ ಚೀಲ. ನಾವು ಚಿಕ್ಕವರಿದ್ದಾಗ ಅಣ್ಣಂದಿರು ತೆಂಗಿನ ಗರಿಯ ಬುಡದ ಮಟ್ಟೆಯನ್ನು ಕೆತ್ತಿ ಬ್ಯಾಟ್ ಮಾಡಿಕೊಳ್ಳುತ್ತಿದ್ದರು. ಹುಡುಗಿಯರಾದ ನಮಗೆ ಒಡೆದ ಹೆಂಚಿನ ಚೂರೇ ಕುಂಟೆಬಿಲ್ಲೆ, ಚಪ್ಪಟೆ ಕಲ್ಲುಗಳೇ ಲಗೋರಿ. ಅಂಗಡಿಯ ಆಟದ ಸಾಮಾನು ನಮ್ಮ ಮನೆಗೆ ಬಂದ ನೆನಪೇ ಇಲ್ಲ.

ಇದೆಲ್ಲ ಮತ್ತೆ ನೆನಪಾದದ್ದು ಒಬ್ಬ ವಿದ್ಯಾರ್ಥಿನಿಯಿಂದ. ಶಾಲೆಯ ಟೆನಿಕಾಯ್ಟ್ ತಂಡಕ್ಕೆ ಅವಳ ಹೆಸರು ಬಂದಿತ್ತು. ಮನೆಯಲ್ಲಿ ಅಭ್ಯಾಸಕ್ಕೆ ರಿಂಗ್ ಬೇಕೆಂದು ಕೇಳಿದ್ದಳು. ಅವಳ ತಾಯಿ ಊರವರ ಬಟ್ಟೆ ಹೊಲಿದು ಸಂಸಾರ ನಡೆಸುವವರು. ನಾನು ಹೋದಾಗ ಬೇಸರದಿಂದ ಹೇಳಿದರು:

"ಆಪಾ, ಇವಳಿಗೆ ಹನ್ನೆರಡು ತುಂಬಿತು. ಇನ್ನೆಂಥ ಆಟ? ಅದೂ ಅಲ್ಲದೆ ರಿಂಗು, ಬಾಲು ಅಂತ ದುಡ್ಡು ಎಲ್ಲಿಂದ ತರಲಿ?"

"ದುಡ್ಡು ಬೇಡಮ್ಮಾ. ನಿಮ್ಮ ಮಿಷನ್ ಕೆಳಗಿರುವ ಆ ಚೀಲ ಕೊಡಿ ಸಾಕು" ಎಂದೆ.

ತೋಟದ ಹಳೆಯ ಪೈಪಿನ ಬಳುಕುವ ತುಂಡೊಂದನ್ನು ಬಳೆಯಂತೆ ಬಗ್ಗಿಸಿ, ಎರಡು ತುದಿಗಳನ್ನು ಸೇರಿಸಿ ಕಟ್ಟಿದೆವು. ಅದರ ಮೇಲೆ ಬಟ್ಟೆಯ ಪಟ್ಟಿಯನ್ನು ಬಿಗಿಯಾಗಿ ಸುತ್ತಿ ಹೊಲಿದೆವು. ಅಂಗಡಿಯ ರಬ್ಬರ್ ರಿಂಗಿನಷ್ಟು ಪುಟಿಯದಿದ್ದರೂ ಎಸೆಯಲು, ಹಿಡಿಯಲು ಅದು ಸಾಕು. ಟೆನಿಕಾಯ್ಟ್‌ನಲ್ಲಿ ರಿಂಗನ್ನು ಒಂದೇ ಕೈಯಲ್ಲಿ ಹಿಡಿಯಬೇಕು. ಕೈಗೆ ಆ ರೂಢಿ ಬರುವುದೇ ಮುಖ್ಯ. ಬಲೆಗೆ ಈರುಳ್ಳಿ ಚೀಲಗಳನ್ನು ಬಿಡಿಸಿ ಒಂದಕ್ಕೊಂದು ಹೊಲಿದು, ಬಟ್ಟೆ ಒಣಗಿಸುವ ಹಗ್ಗಕ್ಕೆ ಇಳಿಬಿಟ್ಟೆವು.

ಸಹೋದರಿಯರೇ, ನೀವೂ ಮಾಡಬಹುದು. ಚೆಂಡಿಗೆ ಹಳೆಯ ಕಾಲುಚೀಲದೊಳಗೆ ಚಿಂದಿಯನ್ನು ಒತ್ತಿ ತುಂಬಿ, ಬಾಯಿ ಹೊಲಿದು, ಸೈಕಲ್ ಟ್ಯೂಬಿನಿಂದ ಕತ್ತರಿಸಿದ ಉಂಗುರಗಳನ್ನು ಸುತ್ತಲೂ ಎಳೆದು ಹಾಕಿ. ಮಹಿಳಾ ಕ್ರಿಕೆಟ್ ಚೆಂಡಿನ ತೂಕ 140ರಿಂದ 151 ಗ್ರಾಂ. ಚಿಕ್ಕ ಮಕ್ಕಳಿಗೆ ಅದಕ್ಕಿಂತ ಹಗುರವಾಗಿರಲಿ. ಸ್ಕಿಪ್ಪಿಂಗ್‌ಗೆ ಬಟ್ಟೆಯ ಪಟ್ಟಿಗಳನ್ನು ಜಡೆಯಂತೆ ಹೆಣೆಯಿರಿ. ಹಗ್ಗದ ನಡುವೆ ಕಾಲಿಟ್ಟು ಮೇಲೆತ್ತಿದರೆ ತುದಿಗಳು ಕಂಕುಳಿಗೆ ಬರಬೇಕು, ಅದೇ ಸರಿಯಾದ ಅಳತೆ. ಒಂದು ಲೀಟರ್ ಬಾಟಲಿಗೆ ನೀರು ತುಂಬಿದರೆ ಒಂದು ಕಿಲೋ ಭಾರ. ತಾಯಂದಿರ ತೋಳಿನ ವ್ಯಾಯಾಮಕ್ಕೆ ಅದೇ ಸಾಕು. ಆದರೆ ತಂತಿ, ಗಾಜು, ಮೊನಚಾದ ತಗಡು ಬಳಸಲೇಬೇಡಿ. ಮಚ್ಚು, ಚಾಕುವಿನ ಕೆಲಸ ದೊಡ್ಡವರೇ ಮಾಡಲಿ.

ಇದು ಬಡವರ ಆಟವೆಂದು ನಾಚಬೇಕಿಲ್ಲ. 1891ರಲ್ಲಿ ಅಮೆರಿಕದಲ್ಲಿ ಜೇಮ್ಸ್ ನೈಸ್ಮಿತ್ ಬಾಸ್ಕೆಟ್‌ಬಾಲ್ ಆರಂಭಿಸಿದ್ದು ಹಣ್ಣಿನ ಬುಟ್ಟಿಗಳಿಂದಲೇ. ಹಝ್ರತ್ ಆಯಿಶಾ(ರ)ರ ಆಟಿಕೆಗಳಲ್ಲಿ ಬಟ್ಟೆಯ ಚೂರಿನ ರೆಕ್ಕೆಗಳಿದ್ದ ಕುದುರೆಯೊಂದಿತ್ತು. "ಕುದುರೆಗೆ ರೆಕ್ಕೆಯೇ?" ಎಂದು ಪ್ರವಾದಿ(ಸ) ಕೇಳಿದಾಗ, ಸುಲೈಮಾನ್(ಅ)ರ ಕುದುರೆಗಳಿಗೆ ರೆಕ್ಕೆಗಳಿದ್ದ ಮಾತನ್ನು ಅವರು ನೆನಪಿಸಿದರು. ಪ್ರವಾದಿಯವರು(ಸ) ಮನಸಾರೆ ನಕ್ಕರು. ಅವರಿಬ್ಬರೂ ಓಟದ ಪಂದ್ಯವನ್ನೂ ಆಡಿದ್ದರು. ಅಬೂದಾವೂದ್ ಹದೀಸ್ ಸಂಗ್ರಹದಲ್ಲಿ ಈ ಎರಡೂ ಘಟನೆಗಳಿವೆ. ಹೆಣ್ಣುಮಗಳಿಗೆ ಆಟವೇಕೆ ಎಂಬ ಪ್ರಶ್ನೆಗೆ ಇದಕ್ಕಿಂತ ಹೆಚ್ಚಿನ ಉತ್ತರ ನನ್ನಲ್ಲಿರಲಿಲ್ಲ. ಆ ತಾಯಿಗೆ ಇದನ್ನೇ ಹೇಳಿದೆ.

ವಿಶ್ವ ಆರೋಗ್ಯ ಸಂಸ್ಥೆಯ 2020ರ ಮಾರ್ಗಸೂಚಿಯಂತೆ 5ರಿಂದ 17 ವರ್ಷದ ಮಕ್ಕಳು ದಿನಕ್ಕೆ ಸರಾಸರಿ 60 ನಿಮಿಷವಾದರೂ ಮೈ ದಣಿಯುವಂತೆ ಓಡಾಡಬೇಕು. ನಮ್ಮ ಹುಡುಗರು ಬೀದಿಯಲ್ಲಿ ಅದನ್ನು ತಾವೇ ಗಳಿಸಿಕೊಳ್ಳುತ್ತಾರೆ. ಹುಡುಗಿಯರಿಗೆ ಹನ್ನೆರಡು ತುಂಬಿತೆಂದರೆ ಬೀದಿಯೂ ಮುಚ್ಚುತ್ತದೆ, ಹಿತ್ತಿಲೂ ಮುಚ್ಚುತ್ತದೆ. ಆಮೇಲೆ ಉಳಿಯುವುದು ಪಾತ್ರೆ, ಪೊರಕೆ, ಮೊಬೈಲ್. ಮೂಳೆ ಗಟ್ಟಿಯಾಗಬೇಕಾದ ವಯಸ್ಸೇ ಹೀಗೆ ಮೂಲೆಯಲ್ಲಿ ಕಳೆದುಹೋಗುತ್ತದೆ.

ಆ ಹುಡುಗಿ ಪಂದ್ಯದ ಮೊದಲ ಸುತ್ತಿನಲ್ಲೇ ಸೋತು ಬಂದಳು. ನಾನು ಸಮಾಧಾನ ಹೇಳಲು ಹೋದರೆ ಹಿತ್ತಿಲಿನಿಂದ ನಗು ಕೇಳುತ್ತಿತ್ತು. ಈರುಳ್ಳಿ ಚೀಲದ ಬಲೆಯ ಆಚೆ ಮಗಳು, ಈಚೆ ದುಪಟ್ಟಾವನ್ನು ಸೊಂಟಕ್ಕೆ ಬಿಗಿದ ತಾಯಿ. ನನ್ನನ್ನು ಕಂಡು ನಾಚಿದರು. "ಕೂತು ಕೂತು ಸೊಂಟ ಹಿಡಿದಿತ್ತು ಆಪಾ, ಈಗ ಸ್ವಲ್ಪ ಹಗುರ" ಎಂದರು.

ಮುಂದಿನ ಈದ್‌ಗೆ ಬಟ್ಟೆ ಕತ್ತರಿಸುವಾಗ ಚೂರುಗಳನ್ನು ಎತ್ತಿಡಿ. ಚೆಂಡು ಹೊಲಿಯಲು ಅರ್ಧ ಗಂಟೆ ಸಾಕು. ಮೊದಲ ಎಸೆತ ಮಾತ್ರ ಮಗಳದ್ದಾಗಿರಲಿ.