ಹಲಗಿಯ ಕಡೆಗೆ ಹತ್ತು ಮಾರು

ಹಗ್ಗ ಕೈಗೆ ಸುತ್ತಿಕೊಂಡಿದ್ದೀರಿ. ಕತ್ತಲಲ್ಲೇ ಒಂದು ಒರಟು ಕೈ ಬಂದು ನಿಮ್ಮ ಬೆರಳುಗಳನ್ನು ಒಂದೊಂದಾಗಿ ಬಿಡಿಸುತ್ತದೆ. "ಸುತ್ಕೋಬ್ಯಾಡ್ರಿ. ಅದು ಓಡಿದ್ರ ನಿಮ್ಮ ಕೈ ಸೈತ ಒಯ್ತದ. ಮಡಚಿ ಹಿಡೀರಿ, ಬಿಡಾಕ ಬರೂವಂಗ ಹಿಡೀರಿ." ಚಡಚಣದ ಕಡೆಯಿಂದ ಬಂದು ಪುಣೆ ಪಕ್ಕದ ಭೋಸರಿಯಲ್ಲಿ ಹೋರಿ ನೋಡಿಕೊಳ್ಳುವ ಮುತ್ಯಾ ಇವರು. ನೆನೆಹಾಕಿದ ಹಿಂಡಿ, ಸಗಣಿ, ಕಣಕಿಯ ವಾಸನೆಯ ಜೊತೆಗೆ ಪಕ್ಕದ ಶೆಡ್ಡಿನ ಲೇತ್ ಯಂತ್ರದಿಂದ ಸುಟ್ಟ ಎಣ್ಣೆಯ ಕಮಟು ಮೂಗಿಗೆ ಹತ್ತುತ್ತದೆ. ಹಗ್ಗದ ಆ ತುದಿಯಲ್ಲಿ ಬಿಸಿ ಉಸಿರು. ಹೋರಿ ನಿಮ್ಮ ಮುಂಗೈ ಮೂಸುತ್ತಿದೆ.

ಖಿಲಾರಿ ಹೋರಿ. ಹಾಲಿನ ಬಣ್ಣ, ಹಿಂದಕ್ಕೆ ಬಾಗಿ ಮೇಲೆದ್ದ ಕೋಡು, ಚೂರು ಸದ್ದಾದರೂ ನಿಮಿರುವ ಕಿವಿ. ವಿಜಯಪುರ, ಬೆಳಗಾವಿ, ಸಾಂಗ್ಲಿ, ಸೊಲ್ಲಾಪುರದ ಒಣ ಸೀಮೆಯ ತಳಿಯಿದು. ಗುರುತಿಲ್ಲದವರನ್ನು ಬೇಗ ನಂಬುವುದಿಲ್ಲ. ನೀವು ಗುರುತಿಲ್ಲದವರು.

ಈ ಹೋರಿ ಈವರೆಗೆ ಕಲಿತದ್ದು ಓಟ. ಪುಣೆ ಜಿಲ್ಲೆಯ ಗಾಡಿ ಶರ್ಯತ್ತಿನಲ್ಲಿ ನಾಲ್ಕು ಹೋರಿಗಳು ಗಾಡಿ ಎಳೆದುಕೊಂಡು ಏರು ಹಾದಿಯಲ್ಲಿ ನುಗ್ಗುತ್ತವೆ, ಅವುಗಳ ಮುಂದೆ ಕುದುರೆ ಸವಾರ. ಎಲ್ಲವೂ ಕೆಲವೇ ಸೆಕೆಂಡು. 2014ರ ಮೇ 7ರ ಸುಪ್ರೀಂ ಕೋರ್ಟ್ ತೀರ್ಪಿನಿಂದ ಆ ಶರ್ಯತ್ತು ನಿಂತಿತು, 2021ರ ಡಿಸೆಂಬರ್ 16ರಂದು ಷರತ್ತಿನ ಅನುಮತಿ ಸಿಕ್ಕಿತು. 2023ರ ಮೇ 18ರಂದು ಸಂವಿಧಾನ ಪೀಠ ಜಲ್ಲಿಕಟ್ಟು, ಕಂಬಳದ ಜೊತೆಗೇ ಇದನ್ನೂ ಎತ್ತಿಹಿಡಿಯಿತು. ಬಾರುಕೋಲಿಗೆ ಈಗ ಜಾಗವಿಲ್ಲ. ಮುತ್ಯಾನ ಕೈಯೂ ಖಾಲಿ.

ಆದರೆ ಭಾದ್ರಪದ ಅಮಾವಾಸ್ಯೆ ಹತ್ತಿರ ಬಂದಿದೆ. ಈ ಭಾಗದಲ್ಲಿ ಎತ್ತಿನ ಹಬ್ಬ ಪೋಳಾ ಅಂದೇ. ನಮ್ಮ ಕಡೆ ಕಾರಹುಣ್ಣಿಮೆಗೆ ಎತ್ತು ಓಡಿಸಿ ಕರಿ ಹರಿಯುತ್ತಾರೆ. ಇಲ್ಲಿ ಜೂಲ ಹೊದಿಸಿ, ಕೋಡಿಗೆ ಬಣ್ಣ ಬಳಿದು, ಹಲಗಿಯ ಸದ್ದಿನ ನಡುವೆ ಜನರ ಮೈಗೆ ಮೈ ತಾಗುವ ಓಣಿಯಲ್ಲಿ ನಡೆಸಬೇಕು. ಗುಲಾಲು ಕಣ್ಣಿಗೆ ಬೀಳುತ್ತದೆ, ಮಕ್ಕಳು ಕಾಲಡಿಗೆ ಬರುತ್ತಾರೆ. ಓಡಲು ಬೆಳೆಸಿದ ಜೀವ ಅಲ್ಲಿ ಸಾವಕಾಶ ಹೆಜ್ಜೆ ಹಾಕಬೇಕು.

ಹೊರಡಿ. ಮುಂದೆ ನಿಂತರೆ ಅದು ನಿಲ್ಲುತ್ತದೆ, ಹೆಗಲಿನಿಂದ ತುಸು ಹಿಂದೆ ಸರಿದರೆ ನಡೆಯುತ್ತದೆ. ಬೆನ್ನ ಹಿಂದಿನ ಒಂದು ಪಟ್ಟಿ ಬಿಟ್ಟರೆ ಅದಕ್ಕೆ ಸುತ್ತಲೂ ಕಾಣುತ್ತದೆ. ಆ ಪಟ್ಟಿಯಲ್ಲಿ ಮಾತ್ರ ಸದ್ದಿಲ್ಲದೆ ಹೋಗಬೇಡಿ, ಬೆದರಿ ಒದೆಯಬಹುದು.

ಓಣಿ ಮುಗಿಯುವಲ್ಲಿ ಗಟಾರದ ಮೇಲೆ ಕಬ್ಬಿಣದ ಜಾಲರಿ. ಹೋರಿ ಗಕ್ಕನೆ ನಿಲ್ಲುತ್ತದೆ. ನೀವು ಎಳೆಯುತ್ತೀರಿ. ಅದು ಹಿಂದಕ್ಕೆ ಜಗ್ಗುತ್ತದೆ. ನಾಲ್ಕು ಕ್ವಿಂಟಲ್ ಮೀರಿದ ಮೈ, ನಿಮ್ಮ ಭುಜದ ಕೀಲು ಚುರ್ ಅನ್ನುತ್ತದೆ. "ಬಿಡ್ರಿ, ನೋಡ್ಲಿ," ಅನ್ನುತ್ತಾರೆ ಮುತ್ಯಾ. ಆ ಕಪ್ಪು ಗೆರೆಗಳು ಬರೀ ನೆರಳೋ, ಆಳದ ಗುಂಡಿಯೋ ಎಂದು ದನಕ್ಕೆ ದೂರದಿಂದ ತಿಳಿಯುವುದಿಲ್ಲ. ತಲೆ ಬಗ್ಗಿಸಿ ನೋಡಬೇಕು. ಹಗ್ಗ ಸಡಿಲಿಸುತ್ತೀರಿ. ಅದು ಮೂಸುತ್ತದೆ, ಬುಸ್ ಎಂದು ಉಸಿರು ಬಿಡುತ್ತದೆ, ಗೊರಸು ಎತ್ತಿ ದಾಟುತ್ತದೆ. ನಮ್ಮ ಅವಸರಕ್ಕೆ ಎಷ್ಟು ದನಗಳು ಇಂಥ ಜಾಲರಿಗಳ ಮೇಲೆ ಏಟು ತಿಂದಿವೆಯೋ! ಅದು ಹಟವೆಂದು ಬೈದವರೇ ಹೆಚ್ಚು.

ನಾಸಿಕ್ ಹೆದ್ದಾರಿ. ಮೇಲೆ ಫ್ಲೈಓವರ್, ಕೆಳಗೆ ಎಂಐಡಿಸಿ ಕೈಗಾರಿಕಾ ಪ್ರದೇಶಕ್ಕೆ ಕಬ್ಬಿಣ ಒಯ್ಯುವ ಲಾರಿಗಳ ಸಾಲು. ಕಾಂಕ್ರೀಟಿನಡಿ ಪ್ರತಿ ಹಾರ್ನೂ ಎರಡೆರಡು ಸಲ ಕೇಳುತ್ತದೆ. ಹಗ್ಗದಲ್ಲಿ ಸಣ್ಣ ನಡುಕ. ಅದು ಹೋರಿಯದೋ ನಿಮ್ಮದೋ?

ಪಕ್ಕದಲ್ಲೇ ಲಾರಿಯೊಂದರ ಏರ್ ಬ್ರೇಕ್. ಚುಸ್ಸ್! ಹೋರಿ ಹಾರುತ್ತದೆ. ಹಗ್ಗ ಅಂಗೈ ಸುಡುತ್ತಾ ಜಾರುತ್ತದೆ. ಕೋಡು ನಿಮ್ಮ ಕಿವಿಯ ಪಕ್ಕ ಬೀಸಿ ಹೋಗುತ್ತದೆ. ಬಿಟ್ಟರೆ ಎದುರಿಗೆ ಹೆದ್ದಾರಿ. ಕಾಲೂರಿ ಜಗ್ಗಿದರೆ ಬೀಳುವವರು ನೀವು. ಬಿಡಬೇಡಿ, ಜಗ್ಗಲೂ ಬೇಡಿ. ಜೊತೆಗೇ ಓಡಿ. ಒಂದು ಹೆಜ್ಜೆ. ಎರಡು. ಈಗ ಮೂತಿಯನ್ನು ನಿಮ್ಮ ಕಡೆಗೆ ತಿರುಗಿಸಿ. ತಲೆ ತಿರುಗುತ್ತದೆ, ಕೊರಳು ತಿರುಗುತ್ತದೆ, ಹಿಂಗಾಲು ಸುತ್ತುತ್ತದೆ. ನಿಮ್ಮ ಸುತ್ತ ಒಂದು ಸುತ್ತು ಬಂದು ಹೋರಿ ನಿಲ್ಲುತ್ತದೆ.

ಅದರ ಪಕ್ಕೆಲುಬು ತಿದಿಯ ಹಾಗೆ ಏರಿಳಿಯುತ್ತಿದೆ. ನಿಮ್ಮ ಬಾಯಿ ಒಣಗಿದೆ, ಅಂಗೈಯಲ್ಲಿ ಕೆಂಪು ಬರೆ. "ಉಸಿರು ಬಿಡ್ರಿ ಮೊದಲ," ಮುತ್ಯಾನ ದನಿ ಏರುವುದಿಲ್ಲ. "ನೀವು ಬಿಗಿ ಹಿಡದ್ರ ಅದಕ್ಕ ಇನ್ನೂ ಅಂಜಿಕಿ." ಒಮ್ಮೆ ಬೆದರಿದ ದನದ ಮೈ ತಣ್ಣಗಾಗಲು ಸುಮಾರು ಅರ್ಧ ತಾಸು ಬೇಕು. ಹೆದ್ದಾರಿ ಬಿಟ್ಟು ಹಿಂದಿನ ಬಯಲಿಗೆ ಬಂದು ಅಷ್ಟೂ ಹೊತ್ತು ಸುಮ್ಮನೆ ನಿಲ್ಲುತ್ತೀರಿ. ಕಾಲು ಜೋಮು ಹಿಡಿಯುತ್ತದೆ.

ಬಯಲಿನಾಚೆ ಹುಡುಗನೊಬ್ಬ ಬೆಂಕಿಗೆ ಹಲಗಿ ಕಾಸಿಕೊಂಡು ಕಾಯುತ್ತಿದ್ದಾನೆ. ಅವನು ಮೆಲ್ಲಗೆ ಬಡಿಯುತ್ತಾನೆ, ಬಡಿಯುತ್ತಾ ನಿಮ್ಮಿಂದ ದೂರಕ್ಕೆ ನಡೆಯುತ್ತಾನೆ. ಮುತ್ಯಾನ ಉಪಾಯವೇ ಇದು. ಮೈಮೇಲೆ ಬರುವ ಸದ್ದಿಗೆ ಹೋರಿ ಬೆದರುತ್ತದೆ. ದೂರ ಸರಿಯುವ ಸದ್ದು ಏನೆಂದು ನೋಡಲು ತಾನೇ ಹಿಂದೆ ಹೋಗುತ್ತದೆ. ಕಿವಿ ನೋಡಿ: ಒಂದು ಹಲಗಿಯ ಕಡೆ, ಇನ್ನೊಂದು ನಿಮ್ಮ ಕಡೆ. ಒಂದು ಹೆಜ್ಜೆ ಇಡುತ್ತದೆ. ನಿಲ್ಲುತ್ತದೆ. ಮತ್ತೊಂದು. ಹತ್ತು ಮಾರು ಸಾಗುವಷ್ಟರಲ್ಲಿ ಬಾಲದ ಬಿಗಿ ಸಡಿಲುತ್ತದೆ, ನಾಲಗೆ ಹೊರಬಂದು ಮೂಗಿನ ಹೊಳ್ಳೆ ನೆಕ್ಕುತ್ತದೆ, ತಲೆ ಹೆಗಲಿನ ಮಟ್ಟಕ್ಕೆ ಇಳಿಯುತ್ತದೆ.

ಇನ್ನೊಂದಿಷ್ಟು ಹೋಗೋಣ ಅನ್ನಿಸುತ್ತದೆ ನಿಮಗೆ. ಹಬ್ಬ ಹತ್ತಿರ, ಮಾಲೀಕರಿಗೂ ಅವಸರ. ಹುಡುಗ ಕೋಲು ಎತ್ತಿ ಹಿಡಿದು ನಿಮ್ಮ ಸನ್ನೆಗೆ ಕಾಯುತ್ತಿದ್ದಾನೆ. ಜೋರಾಗಿ ಒಂದು ಏಟು ಬಿದ್ದರೆ ಈ ಹತ್ತು ಮಾರೂ ಹೋದಂತೆ.

ನೀವು ಬೇಡವೆಂದು ತಲೆಯಾಡಿಸುತ್ತೀರಿ.

"ಶ್ಯಾಣ್ಯಾತನ ಮಾಡಿದ್ರಿ," ಅನ್ನುತ್ತಾರೆ ಮುತ್ಯಾ, ಹೋರಿಯ ಗಂಗೆದೊಗಲು ತುರಿಸುತ್ತಾ. "ನಾಳೆ ಜೂಲ ಹೊಚ್ಚಿ ತರೂಣು. ಹಲಗಿ ಇಷ್ಟ ದೂರ ಇರ್ಲಿ. ಲಾರಿ ಹಾದಿ ಮಾತ್ರ ಬ್ಯಾಡ, ಗುಡಿ ಹಿಂದಿನ ಓಣಿ ಹಿಡಿಯೂಣು."