ಬೆಸುಗೆಯ ಪಕ್ಕ

ಬಾನೆಟ್ ಎತ್ತಿದ್ದು ಕೂಲೆಂಟ್ ನೋಡೋಕೆ, ಕಣ್ಣಿಗೆ ಬಿದ್ದಿದ್ದು ಬಿರುಕು. ಹನ್ನೊಂದು ತಿಂಗಳ ಹಿಂದೆ ನಾನೇ ಮಾಡಿ ನನ್ನ ಹಳೇ ಎಸ್ಟೀಮಿಗೆ ಕೂರಿಸಿದ್ದ ಅಲ್ಯೂಮಿನಿಯಂ ಬಾರಿನ ಬಲತುದಿಯಲ್ಲಿ ಕೂದಲೆಳೆಯಷ್ಟು ಕಪ್ಪು ಗೆರೆ. ಛೆ, ವೆಲ್ಡಿಂಗ್ ಬಿಡ್ತು ಅಂದುಕೊಂಡೆ. ಬಟ್ಟೆಯಲ್ಲಿ ಎಣ್ಣೆ ಒರೆಸಿ, ಮೊಬೈಲ್ ಟಾರ್ಚ್ ಹಾಕಿ ನೋಡ್ತೀನಿ, ಬೆಸುಗೆ ಕಲ್ಲಿನ ಹಾಗೆ ಕೂತಿದೆ. ಬಿರುಕು ಅದರ ಅಂಚಿನಲ್ಲಿ ಹುಟ್ಟಿ ಪಕ್ಕದ ಪೈಪಿನ ಮೈಗೆ ಹರಿದಿದೆ. ನಾನು ಟಾರ್ಚನ್ನೇ ಮುಟ್ಟಿಸದ, ಅಂಗಡಿಯಿಂದ ಹೊಸದಾಗಿ ತಂದ ಪೈಪು ಅದು.

ಕಾರಿನ ಗೊಡವೆ ಇಲ್ಲದವರಿಗೆ ಈ ಬಾರ್ ಅಂದರೇನು ಅಂತ ಹೇಳಿಬಿಡ್ತೀನಿ. ಮುಂದಿನ ಎರಡು ಚಕ್ರಗಳ ಸ್ಟ್ರಟ್ಟುಗಳು ಬಾನೆಟ್ಟಿನ ಕೆಳಗೆ ಎಡಕ್ಕೊಂದು, ಬಲಕ್ಕೊಂದು ತಗಡಿನ ಗೋಪುರಕ್ಕೆ ಬಂದು ಸೇರುತ್ತವೆ. ಕಾರು ಜೋರಾಗಿ ತಿರುಗುವಾಗ ಆ ಗೋಪುರಗಳು ಸ್ವಲ್ಪ ಒಳಕ್ಕೆ ಹೊರಕ್ಕೆ ಅಲುಗುತ್ತವೆ. ಚಪ್ಪರದ ಎರಡು ಗೂಟಕ್ಕೆ ಅಡ್ಡಲಾಗಿ ಗಳ ಕಟ್ಟಿದ ಹಾಗೆ ಎರಡಕ್ಕೂ ಒಂದು ಬಾರ್ ಬಿಗಿದರೆ ಅಲುಗಾಟ ಕಮ್ಮಿ. ಇದಿಲ್ಲದಿದ್ದರೂ ಕಾರು ಚೆನ್ನಾಗಿಯೇ ಓಡತ್ತೆ. ಹಾಕಿದ ಮೇಲೆ ಸ್ಟೀರಿಂಗ್ ಚುರುಕಾಯ್ತು ಅಂತ ನನಗನ್ನಿಸಿದ್ದರಲ್ಲಿ ಅರ್ಧ ನಿಜ, ಇನ್ನರ್ಧ ನಾನೇ ಮಾಡಿದ್ದು ಅನ್ನೋ ಖುಷಿ.

ಓದಿದ್ದು ಮೆಕ್ಯಾನಿಕಲ್ ಬಿ.ಇ., ಅನ್ನ ಹಾಕ್ತಿರೋದು ಸಾಫ್ಟ್‌ವೇರು. ನಮ್ಮಂಥವರಿಗೆ ಶನಿವಾರ ಬಂದರೆ ಕೈಗೆ ಮಸಿ ಹತ್ತಿಸಿಕೊಳ್ಳೋ ಚಟ. ಪೀಣ್ಯದಲ್ಲಿ ಗೆಳೆಯನ ಶೆಡ್ಡು, ಅಲ್ಲೊಂದು ಟಿಗ್ ಮೆಷೀನು, ಆರ್ಗಾನ್ ಸಿಲಿಂಡರು. ಅಲ್ಯೂಮಿನಿಯಂ ಬೆಸೆಯೋದು ಕಲಿಯೋಕೆ ನನಗೆ ಆರು ಶನಿವಾರ ಬೇಕಾಯ್ತು. ಈ ಲೋಹ ಮೋಸಗಾರ. ಕಬ್ಬಿಣ ಕಾದರೆ ಕೆಂಪಾಗಿ ಎಚ್ಚರಿಕೆ ಕೊಡತ್ತೆ. ಇದು ಬೆಳ್ಳಗೇ ಇದ್ದು, 660 ಡಿಗ್ರಿ ಮುಟ್ಟಿದ ಕೂಡಲೇ ಕುಸಿದು ತೂತು ಬೀಳತ್ತೆ. ಮೇಲಿನ ಆಕ್ಸೈಡ್ ಪೊರೆ ಕರಗೋಕೆ ಮಾತ್ರ 2000 ಡಿಗ್ರಿ ದಾಟಬೇಕು. ಅದನ್ನ ಕಿತ್ತುಹಾಕೋಕೆ ಅಂತಲೇ ಎಸಿ ಕರೆಂಟ್ ಇಡೋದು. ಕೊನೆಗೆ, ಜೋಡಿಸಿಟ್ಟ ಚಿಲ್ಲರೆ ಕಾಸಿನ ಹಾಗೆ ಒಂದರ ಮೇಲೊಂದು ಅಲೆ ಕೂತ ಬೆಸುಗೆ ಬಂದ ದಿನ ಅದರ ಫೋಟೋ ತೆಗೆದು ಆಫೀಸಿನಲ್ಲಿ ಎಲ್ಲರಿಗೂ ತೋರಿಸಿದ್ದೆ. ಎಲ್ಲರೂ ಚೆನ್ನಾಗಿದೆ ಅಂದರು. ಚೆನ್ನಾಗಿಯೇ ಇತ್ತು.

ನನ್ನ ತಪ್ಪು ಇದಕ್ಕಿಂತ ತುಂಬಾ ಹಿಂದಿನದು. ನಮ್ಮೂರ ಬಸ್ ಸ್ಟ್ಯಾಂಡಿನ ಪಕ್ಕ ಒಂದು ವೆಲ್ಡಿಂಗ್ ಅಂಗಡಿ. ಅದರ ಯಜಮಾನರನ್ನ ಊರ ಹುಡುಗರೆಲ್ಲ ಮಾವ ಅಂತಲೇ ಕರೀತಿದ್ವಿ. ಅಪ್ಪನ ಟ್ರಾಕ್ಟರ್ ಟ್ರೇಲರಿನ ಕೊಂಡಿ ವರ್ಷಕ್ಕೊಂದು ಸಲ ಮುರೀತಿತ್ತು. ಮಾವ ಕಡ್ಡಿ ಸುಟ್ಟು ಕೂಡಿಸಿ, ಸುತ್ತಿಗೆಯಲ್ಲಿ ಮೇಲಿನ ಕಿಟ್ಟ ಉದುರಿಸಿ, "ಇನ್ನ ಮುರುದ್ರೆ ಬ್ಯಾರೆ ಕಡೆ ಮುರೀಬೇಕು, ಇಲ್ಲಿ ಮುರಿಯಾಕಿಲ್ಲ ಕಣಪ್ಪ" ಅಂತ ಅಪ್ಪನಿಗೆ ಹೇಳೋರು. ಹಾಗೇ ಆಗ್ತಿತ್ತು ಕೂಡ. ಸಾದಾ ಕಬ್ಬಿಣದಲ್ಲಿ ಸರಿಯಾಗಿ ಹಾಕಿದ ಬೆಸುಗೆ ಮೂಲ ಲೋಹಕ್ಕಿಂತ ಗಟ್ಟಿಯಾಗೇ ನಿಲ್ಲತ್ತೆ, ಪಕ್ಕದ ಲೋಹಕ್ಕೂ ಅಂಥ ಏಟು ಬೀಳಲ್ಲ. ಆ ಮಾತನ್ನ ಇಪ್ಪತ್ತೈದು ವರ್ಷ ತಲೆಯಲ್ಲಿಟ್ಟುಕೊಂಡು ಬಂದು ಅಲ್ಯೂಮಿನಿಯಮ್ಮಿಗೆ ಹಚ್ಚಿದವನು ನಾನು. ನಡುವೆ ನಾಲ್ಕು ವರ್ಷದ ಇಂಜಿನಿಯರಿಂಗ್, ಅದರಲ್ಲೊಂದು ಮೆಟೀರಿಯಲ್ ಸೈನ್ಸ್ ಪೇಪರು. ಪಾಸಾಗಿದ್ದೆ.

ನಾನು ತಂದಿದ್ದು 6061 ಪೈಪು, ಟಿ6 ಹದದ್ದು. ಈ ಹದ ಅನ್ನೋ ಮಾತಲ್ಲೇ ಎಲ್ಲ ಇದೆ. ಕುಲುಮೆಯಲ್ಲಿ ಕುಡುಗೋಲು ಕಾಯಿಸಿ ನೀರಿಗೆ ಅದ್ದಿದರೆ ಚುಂಯ್ ಅನ್ನೋ ಹೊತ್ತಿಗೆ ಅಲಗು ಗಟ್ಟಿ. ಈ ಅಲ್ಯೂಮಿನಿಯಂ ಹಾಗಲ್ಲ. ಸುಮಾರು 530 ಡಿಗ್ರಿಗೆ ಕಾಯಿಸಿ ನೀರಿಗೆ ಅದ್ದಿದಾಗ ಮೆತ್ತಗೇ ಇರತ್ತೆ. ಆಮೇಲೆ 170ರ ಆಸುಪಾಸಿನ ಹದವಾದ ಕಾವಿನಲ್ಲಿ ಎಂಟು ಗಂಟೆಯೋ ಇನ್ನೂ ಹೆಚ್ಚೋ ಇಟ್ಟರೆ, ಒಳಗೆ ಕರಗಿದ್ದ ಮೆಗ್ನೀಸಿಯಂ, ಸಿಲಿಕಾನ್ ಕಣ್ಣಿಗೆ ಕಾಣದ ಸಣ್ಣ ಕಣಗಳಾಗಿ ಕೂತು ಲೋಹ ಬಿಗಿಯತ್ತೆ. ಕೆಲವು ಅಲ್ಯೂಮಿನಿಯಂ ಮಿಶ್ರಲೋಹಗಳು ಸುಮ್ಮನೆ ಇಟ್ಟರೂ ಗಟ್ಟಿಯಾಗುತ್ತವೆ ಅಂತ 1906ರಲ್ಲಿ ಕಂಡುಕೊಂಡವನು ಜರ್ಮನಿಯ ಆಲ್ಫ್ರೆಡ್ ವಿಲ್ಮ್. ಡ್ಯುರಾಲ್ಯುಮಿನ್ ಹುಟ್ಟಿದ್ದು ಅಲ್ಲಿಂದ.

ಇಷ್ಟು ನಾಜೂಕಾಗಿ ಕೂರಿಸಿದ ಹದದ ಪಕ್ಕದಲ್ಲೇ ನಾನು ಲೋಹ ಕರಗಿಸಿದ್ದೆ. ಬೆಸುಗೆಯ ಆಚೀಚೆ ಸುಮಾರು 25 ಮಿಲಿಮೀಟರ್‌ವರೆಗೆ ಹದ ಕೆಟ್ಟಿತು ಅಂತಲೇ ವಿನ್ಯಾಸ ಮಾಡುವವರು ಲೆಕ್ಕ ಹಿಡಿಯೋದು. ಪೈಪು ಸೊಟ್ಟಗಾಗದೆ ತಡೆಯುವ ಬಲ ಮೂಲದಲ್ಲಿ 276 ಮೆಗಾಪಾಸ್ಕಲ್; ಬೆಸುಗೆಯ ಪಕ್ಕದಲ್ಲಿ 105ರ ಸುತ್ತ ಅಂತ ಹಿಡೀತಾರೆ. ಮೊದಲಿದ್ದುದರ ಅರ್ಧಕ್ಕೂ ಕಮ್ಮಿ. ಬೆಸುಗೆ ಎಷ್ಟೇ ಚಂದ ಇರಲಿ, ಇದು ತಪ್ಪಲ್ಲ.

ನಂಬಿಕೆ ಬರಲಿಲ್ಲ. ಬಾರ್ ಬಿಚ್ಚಿ ಮನೆಗೆ ತಂದು ಆಟೋಮ್ಯಾಟಿಕ್ ಸೆಂಟರ್ ಪಂಚ್ ತಗೊಂಡೆ. ಅದರೊಳಗಿನ ಸ್ಪ್ರಿಂಗ್ ಪ್ರತಿ ಸಲ ಒಂದೇ ಏಟು ಕೊಡತ್ತೆ, ಕೈಯ ಜೋರು ಲೆಕ್ಕಕ್ಕಿಲ್ಲ. ಪೈಪಿನ ನಡುವಿಂದ ಶುರು ಮಾಡಿ ಐದೈದು ಮಿಲಿಮೀಟರಿಗೆ ಒಂದರಂತೆ ಬೆಸುಗೆಯ ಕಡೆಗೆ ಕುಟ್ಟುತ್ತಾ ಬಂದೆ. ಟಕ್, ಟಕ್, ಟಕ್. ಮೊದಮೊದಲು ಸಾಸಿವೆಯಷ್ಟು ಚುಕ್ಕಿ, ಎಲ್ಲ ಒಂದೇ ಅಳತೆ. ಬೆಸುಗೆ ಎರಡು ಬೆರಳಷ್ಟು ದೂರ ಇದೆ ಅನ್ನುವಾಗ ಚುಕ್ಕಿ ಅಗಲವಾಗತೊಡಗಿತು. ಇನ್ನೂ ಹತ್ತಿರ ಬಂದ ಹಾಗೆ ಕೊತ್ತಂಬರಿ ಬೀಜ. ಶಬ್ದವೂ ಬದಲಾಗಿತ್ತು. ಹೆಂಡತಿ ಒಳಗಿಂದ, "ಏನ್ರೀ ಅದು, ಮರಕುಟಿಗನ ಥರ" ಅಂದಳು. ಕರೆದು ತೋರಿಸಿದೆ. ಭೂತಗನ್ನಡಿ ಬೇಕಾಗಲಿಲ್ಲ. ಒಂದೇ ಪೈಪಿನಲ್ಲಿ ಎರಡು ಲೋಹ.

ಆದರೂ ಲೆಕ್ಕ ಹೊಂದ್ತಿರಲಿಲ್ಲ. ಹೊರವ್ಯಾಸ 25 ಮಿಲಿಮೀಟರ್, ದಪ್ಪ 3. ಅಡ್ಡಕೊಯ್ತದ ವಿಸ್ತೀರ್ಣ 207 ಚದರ ಮಿಲಿಮೀಟರ್. ಹದ ಕೆಟ್ಟ ಜಾಗದಲ್ಲೂ ಎರಡು ಟನ್ನಿಗಿಂತ ಮೇಲೆ ಎಳೆತ ತಡೀಬೇಕು. ಅಷ್ಟು ಭಾರ ಅಲ್ಲಿ ಬರೋದೇ ಇಲ್ಲ. ಮತ್ಯಾಕೆ ಸೀಳಿತು? ಎರಡು ದಿನ ಆದ ಮೇಲೆ ಹೊಳೆದದ್ದು: ನಾನು ಲೆಕ್ಕ ಹಾಕಿದ್ದು ನೇರ ಎಳೆತಕ್ಕೆ, ಅದೂ ಒಂದೇ ಸಲದ ಎಳೆತಕ್ಕೆ. ತುದಿಯ ಪಟ್ಟಿಯನ್ನ ಇಂಜಿನ್ನಿಗೆ ತಾಗದಿರಲಿ ಅಂತ ಒಂದಿಷ್ಟು ಓರೆಯಾಗಿ ಕೂರಿಸಿದ್ದೆ. ಹಾಗಾಗಿ ಪ್ರತಿ ಎಳೆತಕ್ಕೂ ಪೈಪು ಬೆಸುಗೆಯ ಬುಡದಲ್ಲಿ ಬಾಗ್ತಿತ್ತು. ಬೆಸುಗೆ ನಿಲ್ಲಿಸಿದ ಕಡೆ ಟಾರ್ಚನ್ನ ಗಕ್ಕನೆ ಎತ್ತಿದ್ದರಿಂದ ಸಣ್ಣ ಕುಳಿಯೊಂದು ಉಳಿದಿತ್ತು, ಬಿರುಕಿಗೆ ಹೇಳಿ ಮಾಡಿಸಿದ ಜಾಗ. ಕಬ್ಬಿಣಕ್ಕಾದರೆ ಒಂದು ಮಿತಿಯೊಳಗೆ ಎಷ್ಟು ಸಲ ಬಾಗಿಸಿದರೂ ತಡಕೊಳ್ಳುವ ಗುಣ ಇದೆ. ಅಲ್ಯೂಮಿನಿಯಮ್ಮಿಗೆ ಅಂಥ ಮಿತಿ ಇಲ್ಲ. ಸಣ್ಣ ಏಟನ್ನೂ ಅದು ಎಣಿಸಿ ಇಟ್ಟುಕೊಳ್ಳತ್ತೆ. ಬೆಂಗಳೂರಲ್ಲಿ ಮನೆಯಿಂದ ಆಫೀಸಿಗೆ ನನಗೆ ಇಪ್ಪತ್ತಾರು ಹಂಪು. ಹೊಂಡ ಎಣಿಸಿಲ್ಲ.

ಇಷ್ಟಾದ ಮೇಲೆ ನೆನಪಾಗಿದ್ದು ಚಿಕ್ಕಪ್ಪನ ಮಗ. ನನ್ನ ಬಾರ್ ನೋಡಿ, "ಅಣ್ಣಾ, ನಂಗೂ ಒಂದು ಮಾಡ್ಕೊಡೋ" ಅಂದಿದ್ದ. ಅವನದ್ದು ಹಳದಿ ಬೋರ್ಡು, ಏರ್‌ಪೋರ್ಟ್ ಟ್ರಿಪ್ಪು. ನಾನು ತಿಂಗಳಲ್ಲಿ ಓಡಿಸೋದನ್ನ ಅವನು ಎರಡು ದಿನಕ್ಕೆ ಓಡಿಸ್ತಾನೆ. ಬಾರ್ ತುಂಡಾದರೆ ಕಾರೇನೂ ಮಗುಚಲ್ಲ. ಆದರೆ ಮುರಿದ ತುದಿ ಬ್ಯಾಟರಿ ಟರ್ಮಿನಲ್ ಮೇಲೆ ಬಿದ್ದರೆ? ಫ್ಯಾನಿಗೆ ಸಿಕ್ಕಿದರೆ? ಹಿಂದಿನ ಸೀಟಲ್ಲಿ ಯಾರದೋ ಮಕ್ಕಳು. ರಾತ್ರಿ ಹನ್ನೊಂದೂವರೆಗೆ ಫೋನ್ ಮಾಡಿದೆ.

"ಬಿಚ್ಚಿ ಡಿಕ್ಕಿಗೆ ಹಾಕು. ಈಗಲೇ."

"ಚೆನ್ನಾಗೇ ಐತಲ್ಲಣ್ಣ, ವೆಲ್ಡಿಂಗ್ ಗಟ್ಮುಟ್ಟಾಗೈತೆ."

"ವೆಲ್ಡಿಂಗ್ ನೋಡ್ಬೇಡ, ಪಕ್ಕದಲ್ಲಿ ನೋಡು."

ಸ್ವಲ್ಪ ಹೊತ್ತು ಸದ್ದಿಲ್ಲ. ಪಾರ್ಕಿಂಗಿನಲ್ಲಿ ಬಾನೆಟ್ ಎತ್ತಿದ ಸದ್ದು ಕೇಳಿಸಿತು. "ಒಂದು ಗೀರು ಥರ ಐತಣ್ಣ. ಉಗುರಿಗೆ ಸಿಗ್ತದೆ." ಆರು ತಿಂಗಳಾಗಿತ್ತು, ಅಷ್ಟೇ. ಆಮೇಲೆ ಅವನು ಕೇಳಿದ ಮಾತಿಗೆ ನಾನು ಬೆವೆತೆ: "ಲೋಯರ್ ಆರ್ಮ್ ಒಂದು ಇದೇ ಥರ ಮಾಡ್ಕೊಡ್ತೀನಿ ಅಂದಿದ್ದೆ, ಅದ್ರ ಕಥೆ?" ಹೌದು, ಅಂದಿದ್ದೆ. ಚಕ್ರವನ್ನ ಹಿಡಿದಿಟ್ಟುಕೊಳ್ಳೋ ಭಾಗ ಅದು. ಪೇಪರಲ್ಲಿ ಕಟ್ ಮಾಡಿದ ಅಳತೆ ಇನ್ನೂ ನನ್ನ ಡ್ರಾಯರಲ್ಲಿತ್ತು.

ಅಲ್ಯೂಮಿನಿಯಂ ಬೆಸೆಯಬಾರದು ಅಂತಲ್ಲ. 6061ರಲ್ಲಿ ಒಳ್ಳೇ ಸೈಕಲ್ ಫ್ರೇಮ್ ಮಾಡುವವರು ಬೆಸೆದಾದ ಮೇಲೆ ಇಡೀ ಫ್ರೇಮನ್ನ ಮತ್ತೆ ಕುಲುಮೆಗಿಟ್ಟು, ಅದ್ದಿ, ಬೇಯಿಸಿ, ಹದ ವಾಪಸ್ ತರ್ತಾರೆ. ನಮ್ಮನೆ ಓವನ್ನಿನಲ್ಲಿ 170 ಬರತ್ತೆ, 530 ಎಲ್ಲಿಂದ ತರಲಿ? ಅಂಗಡಿಯಲ್ಲಿ ಸಿಗುವ ಎಷ್ಟೋ ಬಾರುಗಳಲ್ಲಿ ಅಲ್ಯೂಮಿನಿಯಂ ಪೈಪಿಗೆ ಬೆಸುಗೆಯೇ ಇರಲ್ಲ, ತುದಿಯ ಉಕ್ಕಿನ ಪಟ್ಟಿಗೆ ಬೋಲ್ಟು ಹಾಕಿರ್ತಾರೆ. ನೋಡೋಕೆ ಒರಟು ಅಂತ ನಾನು ನಕ್ಕಿದ್ದೆ. ಇನ್ನೊಂದು ಮಾತು. ಅಲ್ಯೂಮಿನಿಯಂ ತೂಕದಲ್ಲಿ ಉಕ್ಕಿನ ಮೂರನೇ ಒಂದು ಪಾಲು, ಬಿಗಿತದಲ್ಲೂ ಹೆಚ್ಚುಕಮ್ಮಿ ಮೂರನೇ ಒಂದು ಪಾಲು. ಬರೀ ಎಳೆದು ತಳ್ಳುವ ಕೆಲಸಕ್ಕೆ ಉಕ್ಕಿನಷ್ಟೇ ಬಿಗಿ ಬೇಕಂದರೆ ಮೂರು ಪಟ್ಟು ಲೋಹ ಹಾಕಬೇಕು. ತೂಕದಲ್ಲಿ ಉಳಿದದ್ದು ಸೊನ್ನೆ.

ಹಬ್ಬಕ್ಕೆ ಊರಿಗೆ ಹೋದಾಗ ಎರಡೂ ಬಾರ್ ತಗೊಂಡು ಹೋಗಿ ಮಾವನ ಮುಂದಿಟ್ಟೆ. ಕನ್ನಡಕ ಏರಿಸಿ, ಬೆಸುಗೆಯ ಮೇಲೆ ಹೆಬ್ಬೆರಳು ಆಡಿಸಿದರು. "ಕೈ ಚೆಂದಾಗೈತೆ ನಿಂದು" ಅಂದರು. ಆಮೇಲೆ ಬಿರುಕು ನೋಡಿ, "ಇದ್ಯಾಕ್ ಇಲ್ಲಿ?" ಚುಕ್ಕಿಗಳನ್ನ ತೋರಿಸಿ ಎಲ್ಲ ಹೇಳಿದೆ. ಅವರ ಮಾತನ್ನೇ ನಂಬಿಕೊಂಡು ಹೋಗಿ ಹೀಗಾಯ್ತು ಅಂತ ಮಾತ್ರ ಹೇಳಲಿಲ್ಲ. ಅವರು ಮೂಲೆಯಿಂದ ಒಂದು ಕಬ್ಬಿಣದ ಪೈಪು ಎಳೆದು, ಅಳತೆ ಕೇಳಿ, ಪಟ್ಟಿಯನ್ನ ಓರೆಯಿಲ್ಲದೆ ನೆಟ್ಟಗೆ ಕೂರಿಸಿ, ಅರ್ಧ ಗಂಟೆಯಲ್ಲಿ ಎರಡು ಬಾರ್ ಮಾಡಿಕೊಟ್ಟರು. ಕರೀ ಬಣ್ಣ ಹೊಡೆದದ್ದು ನಾನು.

ಹಳೇ ಬಾರುಗಳ ತುದಿ ಎರಡನ್ನೂ ಕೊಯ್ದು ಗುಜರಿಗೆ ಹಾಕಿದೆ. ನಡುವಿನ ಪೈಪು ಒಂದೂವರೆ ಅಡಿಯಷ್ಟು ಉಳಿದದ್ದನ್ನ ಅಮ್ಮ ಇಸಕೊಂಡಳು. ನೀರೊಲೆಗೆ ಈಗ ಅದೇ ಊದುಗೊಳವೆ. ಹಗುರ ಐತೆ, ಆದ್ರೆ ಬೇಗ ಕಾಯ್ತದೆ ಅಂತ ಬಾಯಿಟ್ಟುಕೊಳ್ಳೋ ತುದಿಗೆ ಹಳೇ ಸೀರೆಯ ಅಂಚು ಸುತ್ತಿದ್ದಾಳೆ.